ಬೆಸಗೆರೆ, ಸರಿಗೆರೆ

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ನೂರೈನ್ ತಂದಳು, ದುಪಟ್ಟಾದಲ್ಲಿ ಸುತ್ತಿ,
ಕೋಳಿಮರಿ ಹಿಡಿದಂತೆ ಎರಡೂ ಕೈಯಲ್ಲಿ,
ಯುರೋಪಿನ ಗೇಮ್ ಪೆಟ್ಟಿಗೆ.
ಗೋಕುಲಂನಲ್ಲಿ ಯೋಗ ಕಲಿತು ಊರಿಗೆ ಹೊರಟ
ಬೆಲ್ಜಿಯಮ್ಮಿನ ಹುಡುಗ
ಲಗೇಜು ಭಾರವಾಯಿತೆಂದು
ಮೈಸೂರಲ್ಲಿ ಓಡಿಸುವ ಅವಳಣ್ಣನ ಆಟೋದಲ್ಲೇ
ಬಿಟ್ಟುಹೋದದ್ದಂತೆ.

"ಅಂಕಲ್, ಚಿತ್ರ ನಡುಗತ್ತೆ.
ಓಡೋ ಕುದುರೆ ಅಂಚೆಲ್ಲ ಬಾಚಣಿಗೆ."

ಹಾಕಿ ನೋಡಿದೆ. ನಿಜ.
ನಿಂತರೆ ಕುದುರೆ,
ಓಡಿದರೆ ಹಲ್ಲು ಹಲ್ಲು.

ನೋಡವ್ವ, ಅಂದೆ,
ಇದು ಪೂರ್ತಿ ಚಿತ್ರ ಯಾವತ್ತೂ ಕೊಡಲ್ಲ.
ಒಂದು ಸಲ ಬೆಸಗೆರೆ: ಒಂದು, ಮೂರು, ಐದು.
ಮರುಸಲ ಸರಿಗೆರೆ.
ಸೆಕೆಂಡಿಗೆ ಐವತ್ತು ಅರ್ಧ;
ಮಿಕ್ಕರ್ಧ ನಿನ್ನ ಕಣ್ಣೇ ತುಂಬಿಕೊಳ್ಳಬೇಕು.
ಹಳೇ ಡಬ್ಬಾ ಟಿವಿಗೆ ಇದು ಗೊತ್ತಿತ್ತು, ಹೊಂದಿಕೊಂಡಿತ್ತು.
ಈ ಚಪ್ಪಟೆಯದು ಎರಡನ್ನೂ ಒಟ್ಟಿಗೆ ಹೊಲಿಯಲು ಹೋಗಿ
ದಾರ ಎಳೆದು ಹಾಕುತ್ತೆ.

ಹೇಳುತ್ತ ಹೇಳುತ್ತ ಅಪ್ಪ ನೆನಪಾದ,
ನೀರುಗಂಟಿ ಮಾಯಿಗಯ್ಯ,
ನಾಲೆ ಏರಿಯ ಮೇಲೆ ಖಾಕಿ ಚಡ್ಡಿ, ಸೊಂಟದಲ್ಲಿ ತೂಬಿನ ಕೀ.
ಕಟ್ಟು ನೀರಿನ ದಿನಗಳು:
ಈ ಪಾಳಿ ಮೇಲಣ ಗದ್ದೆಗೆ, ಮುಂದಿನ ಪಾಳಿ ಕೆಳಗಣದಕ್ಕೆ.
ಏರಿ ಮೇಲಿಂದ ನೋಡಿದವರಿಗೆ ಇಡೀ ಬಯಲೇ ಹಸಿರು.
ಇಳಿದವರಿಗೆ ಗೊತ್ತು
ಯಾರ ಪಾದ ಒದ್ದೆ ಅಂತ.

ಪೆಟ್ಟಿಗೆ ತಿರುಗಿಸಿದೆ.
ಹಿಂದೆ ಇನ್ನೊಂದು ಕಿಂಡಿ, ರಬ್ಬರ್ ಮುಚ್ಚಳ,
ಯಾರ ಉಗುರೂ ತಾಗದ ಹಳದಿ ಪಿನ್ನುಗಳು.
ಪ್ರೋಗ್ರೆಸ್ಸಿವ್ ಸ್ಕ್ಯಾನಿಗೆ ಇದೇ ದಾರಿ,
ಮೇಲಿಂದ ಕೆಳಗೆ ಎಲ್ಲ ಗೆರೆ, ಪ್ರತಿಸಲ, ಪಾಳಿಯಿಲ್ಲದೆ.
ಅಮೆರಿಕದ ಡಿಸ್ಕಾದರೆ
ಗುಂಡಿ ಒತ್ತಿ ಹಿಡಿದು ಚಾಲೂ ಮಾಡಿದರೆ ಸಾಕು,
ಅದೇ ಕೇಳುತ್ತೆ: ಬೇಕಾ, ಬೇಡವಾ?
ಯುರೋಪಿಗೆ ಕಳಿಸುವಾಗ
ಪ್ರಶ್ನೆಯನ್ನೇ ಅಳಿಸಿದ್ದಾರೆ.
ಕಿಂಡಿ ಇಟ್ಟು, ಕೇಳುವ ಬಾಯಿ ಹೊಲಿದಿದ್ದಾರೆ.

"ಯಾಕೆ?" ಅಂದಳು.
ಗೊತ್ತಿಲ್ಲ ಕಣವ್ವ.
ಅಲ್ಲಿಯವರ ಟಿವಿಗೆ ಯಾಕೆ ಅಂದುಕೊಂಡರೇನೋ.
ಅಪ್ಪನೂ ಒಂದು ತೂಬು ತೋರಿಸುತ್ತಿದ್ದ, ನಾಲೆಯ ತುದಿಯದು.
ಕಬ್ಬಿಣದ ಬಾಗಿಲಿತ್ತು, ಬಣ್ಣದಲ್ಲಿ ಬರೆದ ನಂಬರಿತ್ತು.
ಅದರ ಕೀ ಮಾತ್ರ ಅವನ ಗೊಂಚಲಿಗೆ ಬರಲೇ ಇಲ್ಲ.

ಒಂಬತ್ತು ದಿನ ಹಿಡಿಯಿತು.
ಆ ಕಿಂಡಿಯ ಕೇಬಲ್ಲು ಎಲ್ಲೂ ಇಲ್ಲ;
ಮಂಡಿ ಮೊಹಲ್ಲಾದ ಗುಜರಿಯಲ್ಲಿ ಮುರುಕು ಪ್ಲಗ್ಗೊಂದು ಸಿಕ್ಕಿ
ಕೆಂಪು, ಹಸಿರು, ನೀಲಿ ನಾನೇ ಬೆಸೆದೆ,
ಕನ್ನಡಕದ ಮೇಲೆ ಕನ್ನಡಕ ಹಾಕಿ.
ಅವಳಣ್ಣ ಮೆಮೊರಿ ಕಾರ್ಡಿನಲ್ಲಿ ತಂದ
ಕಳೆದ ಪ್ರಶ್ನೆಯನ್ನು ಮತ್ತೆ ಕೇಳಿಸುವ ಪುಟ್ಟ ಪ್ರೋಗ್ರಾಮು.
ಮೊದಲ ಸಲ ಪರದೆ ಕಪ್ಪು.
ಎರಡನೇ ಸಲ ಎಲ್ಲರ ಮುಖವೂ ಹಸಿರು, ನಮ್ಮದೂ ಸೇರಿ.
ವೈರು ಅದಲುಬದಲು ಮಾಡಿ
ಮೂರನೇ ಸಲ,
ಗುಂಡಿ ಒತ್ತಿ ಹಿಡಿದ ಅವಳ ಹೆಬ್ಬೆರಳು ಬೆಳ್ಳಗಾಗುವ ಹೊತ್ತಿಗೆ

ಬಂತು.
ಒಂದು ಸಾಲು. ಕೆಳಗೆ ಹೌದು, ಇಲ್ಲ.

ಅವಳು ಒತ್ತಲಿಲ್ಲ.
"ಇರಿ ಅಂಕಲ್, ಓದ್ಕೋತೀನಿ."
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ಹತ್ತು ಸೆಕೆಂಡಿಗೆ ಪ್ರಶ್ನೆ ಹೋಗಿಬಿಡುತ್ತೆ ಅಂತ
ನನಗೆ ಗೊತ್ತಿತ್ತು, ಹೇಳಲಿಲ್ಲ.
ಒಂಬತ್ತಕ್ಕೆ ಒತ್ತಿದಳು.

ಕುದುರೆ ಓಡಿತು, ಒಂದೇ ಕುದುರೆ.
ಅಂಚು ಬ್ಲೇಡಿನಲ್ಲಿ ಕುಯ್ದಂತೆ.
ಹಿಂದಿನ ಬೆಟ್ಟ ಬರೀ ರಟ್ಟು,
ಹುಲ್ಲಿಗೆ ತೇಪೆಗಳಿವೆ ಅನ್ನುವುದೂ ಕಂಡಿತು.
"ಬೆಟ್ಟ ಮೊದಲೇ ಚೆನ್ನಾಗಿತ್ತು,"
ಅಂದು ನಕ್ಕಳು, ಕಣ್ಣು ಮಾತ್ರ ಕೀಳಲಿಲ್ಲ.

ಇನ್ನೂರು ಕೊಟ್ಟಳು, ಮೂವತ್ತು ಬಾಕಿ.
ರಬ್ಬರ್ ಮುಚ್ಚಳ ಮರೆತು ಹೋಗಿದ್ದಾಳೆ.
ಡ್ರಾಯರಿನಲ್ಲಿ, ಅಪ್ಪನ ಗೊಂಚಲಿನ ಪಕ್ಕ ಇಟ್ಟಿದ್ದೇನೆ.
ಬೇಕಾದರೆ ಬಂದು ಕೇಳುತ್ತಾಳೆ.