ಜಾರುವ ಲೆಕ್ಕ

ಮೂರೂವರೆ ಸಾವಿರ ಬೇಕು ಗ್ಲೆನಿಸ್, ಅಂದ
ಬಾಗಿಲಲ್ಲೇ ನಿಂತು,
ಮೀನಂಗಡಿಯಲ್ಲಿ ಅರ್ಧ ಕಿಲೋ ಕೇಳಿದ ಹಾಗೆ.

ಮೆಲ್ಬರ್ನಿನ ಉತ್ತರದಂಚು, ಕ್ಯಾಂಬೆಲ್‌ಫೀಲ್ಡಿನ ಈ ಶೆಡ್ಡಿನಲ್ಲಿ
ಇಪ್ಪತ್ತಾರು ವರ್ಷದಿಂದ ಟಾರ್ಕ್ ಕನ್ವರ್ಟರುಗಳನ್ನು
ಕುಂಬಳಕಾಯಿಯಂತೆ ಎರಡು ಹೋಳು ಮಾಡಿ
ಮತ್ತೆ ಬೆಸುಗೆ ಹಾಕುತ್ತಿದ್ದೇನೆ.
ಅಂಕಿ ಹೇಳುತ್ತ ಬರುವವರನ್ನು ಮೊದಲು ಕೂರಿಸಿ
ಚಹಾ ಕೊಡುವುದು ರೂಢಿ.

ಗಾಡಿ?
ಫಾಲ್ಕನ್. ಆರು ಸಿಲಿಂಡರು. ಟರ್ಬೊ ದೊಡ್ಡದು ಹಾಕಿಸಿದ್ದೇನೆ.
ತೂಕ?
ಸಾವಿರದ ಏಳುನೂರು.
ದಿನಾ ಓಡಿಸ್ತೀಯಾ?
ತಲೆ ಕೆರೆದ ನೆವ್ಜಾತ್. ಉಗುರಿನ ಸಂದಿಯಲ್ಲಿ ಮೈದಾಹಿಟ್ಟು.
ಬ್ರನ್ಸ್‌ವಿಕ್ಕಿನ ಬೇಕರಿ, ಜಾವದ ಮೂರಕ್ಕೆ ಪಾಳಿ,
ಹನ್ನೊಂದಕ್ಕೆ ವಾಪಸು, ಸಿಡ್ನಿ ರೋಡಿನಲ್ಲಿ
ಟ್ರಾಮಿನ ಬೆನ್ನಿಗೆ ಅಂಟಿಕೊಂಡು.

ಆ ಟ್ರಾಮಿನ ಹಿಂದೆ, ಅಂದೆ, ನಿನ್ನ ಮೂರೂವರೆ ಸಾವಿರ
ಎಣ್ಣೆ ಕುದಿಸುತ್ತದೆ, ಕಾರು ಕದಲಿಸುವುದಿಲ್ಲ.

ಬಿಚ್ಚಿಟ್ಟದ್ದೊಂದನ್ನು ಬೆಂಚಿನ ಮೇಲೆ ತಿರುವಿ ತೋರಿಸಿದೆ:
ಎದುರುಬದುರು ಕೂತ ಎರಡು ಬೀಸಣಿಗೆ.
ಒಂದು ಇಂಜಿನ್ನಿನದು, ಒಂದು ಚಕ್ರಗಳ ಕಡೆಯದು.
ಒಂದಕ್ಕೊಂದು ತಾಗುವುದಿಲ್ಲ.
ನಡುವೆ ಎಣ್ಣೆ. ಅದು ಎಸೆಯುತ್ತದೆ, ಇದು ಹಿಡಿಯುತ್ತದೆ,
ಹಿಡಿಯದೆ ಬಿಟ್ಟದ್ದೆಲ್ಲ ಬಿಸಿ.
ಮಧ್ಯದ ಈ ಪುಟ್ಟದು ಒಂದೇ ಕಡೆ ತಿರುಗುವ ಹಟಮಾರಿ,
ಮರಳಿ ಬರುವ ಎಣ್ಣೆಯ ಮುಖ ತಿರುಗಿಸಿ
ಮತ್ತೆ ಕೆಲಸಕ್ಕೆ ಹಚ್ಚುತ್ತದೆ.

ಸಡಿಲ ಬಿಟ್ಟರೆ, ಟರ್ಬೊಗೆ ಎಚ್ಚರವಾಗುವ ತನಕ
ಇಂಜಿನ್ನು ಒಂಟಿಯಾಗಿ ಕೂಗಿಕೊಳ್ಳಬಹುದು.
ಬಿಗಿ ಹಿಡಿದರೆ, ಹಸಿರು ದೀಪಕ್ಕೆ
ನೆನೆದ ಮೂಟೆಯಂತೆ ಏಳುತ್ತದೆ.
ಎಷ್ಟು ಜಾರಬೇಕು ಎನ್ನುವುದಷ್ಟೇ ಲೆಕ್ಕ.
ಈ ಲೆಕ್ಕಕ್ಕೆ ಮಾತ್ರ ಸುಳ್ಳು ಹೇಳಬೇಡ.

ಸುಳ್ಳಲ್ಲ, ಅಂದ.

ಹಿಂಬಾಗಿಲು ತೆಗೆದು ನೋಡಿದೆ.
ಮಡಚಿದ ಸೀಟಿನ ಮೇಲೆ ಹಳೇ ಚಾದರ,
ಬೆತ್ತದ ಬುಟ್ಟಿ ಕೂತೆದ್ದ ಗುರುತು, ಉದುರಿದ ಜೋಳ,
ಬೆಲ್ಟಿನ ಬಕಲಿಗೆ ಸಿಕ್ಕಿಕೊಂಡ
ಒಂದು ಬೂದು ಗರಿ, ಬುಡ ಬಿಳಿ.

ಆಮೇಲೆ ಬಾಯಿಬಿಟ್ಟ.
ಶನಿವಾರಕ್ಕೆ ಮೂವತ್ತು ಪಾರಿವಾಳ.
ಹ್ಯೂಮ್ ಹೆದ್ದಾರಿ ಹಿಡಿದು, ಸೀಮೋರ್ ದಾಟಿ,
ಗೋಧಿ ಗೋದಾಮೊಂದರ ಪಕ್ಕ ಬುಟ್ಟಿ ತೆರೆಯುತ್ತಾನೆ.
ಎರಡು ಸುತ್ತು ಸುತ್ತಿ ಅವು ದಕ್ಷಿಣಕ್ಕೆ ಮುಖ ಮಾಡಿದ ಕ್ಷಣ
ಇವನು ಕೀಲಿ ತಿರುಗಿಸುತ್ತಾನೆ.
ಬ್ರಾಡ್‌ಮೆಡೋಸಿನ ಹಿತ್ತಿಲ ಗೂಡಿಗೆ ಯಾರು ಮೊದಲು?
ಒಂದು ಸಲವೂ ಗೆದ್ದಿಲ್ಲ.
ಕ್ಯಾಮೆರಾಗಳಿವೆ, ಲಾರಿಗಳಿವೆ.
ಅವಕ್ಕಾದರೋ ರಸ್ತೆಯೇ ಬೇಡ.

ಅವನ್ನು ಸೋಲಿಸುವ ಕನ್ವರ್ಟರು ನನ್ನಲ್ಲಿಲ್ಲ, ಅಂದೆ.
ಗೊತ್ತು, ಅಂತ ನಕ್ಕ.
ಆಮೇಲೆ, ಚಹಾದ ಲೋಟದೊಳಕ್ಕೆ ಹೇಳಿದ ಹಾಗೆ:
ಹೋಗುವಾಗ ಸಿಗ್ನಲ್ಲಿನಲ್ಲಿ ಕಾರು ಎಗರಿದರೆ
ಬುಟ್ಟಿಯೊಳಗೆ ಎಲ್ಲವೂ ಒಮ್ಮೆಗೇ ರೆಕ್ಕೆ ಬಡಿಯುತ್ತವೆ.
ಹೊರಡುವ ಮೊದಲೇ ದಣಿದರೆ ದಾರಿ ಸಾಗುವುದಿಲ್ಲ.
ಹೋದ ವರ್ಷ ಎರಡು ಬರಲೇ ಇಲ್ಲ.

ಇದನ್ನು ಮೊದಲೇ ಒದರಬಾರದಿತ್ತೇನೋ ಮಾರಾಯ!

ಎರಡು ಸಾವಿರದ ಎಂಟುನೂರು ಎಂದು ಬರೆದುಕೊಂಡೆ.
ಅಲಗುಗಳ ಬಾಗು ಕೂದಲೆಳೆಯಷ್ಟು ಬೇರೆ,
ಹೆದ್ದಾರಿಗೆ ಬಂದೊಡನೆ ಜಾರಾಟಕ್ಕೆ ಬೀಗ ಹಾಕುವ ಕ್ಲಚ್ಚು,
ರೇಡಿಯೇಟರಿನ ಮುಂದೆ ಇನ್ನೊಂದು ಕೂಲರು.
ತೂಕದ ಕಾಲಮ್ಮಿಗೆ ಹನ್ನೆರಡು ಕಿಲೋ ಸೇರಿಸಿ
ಪಕ್ಕಕ್ಕೆ ಸಣ್ಣದಾಗಿ: ಬರುವಾಗ ಇಲ್ಲ.

ನಾಲ್ಕು ವಾರ ಬಿಟ್ಟು ಬಂದ, ಎಳ್ಳು ಹಚ್ಚಿದ ಬಿಸಿ ಬ್ರೆಡ್ಡಿನೊಂದಿಗೆ.
ಕೂಲರಿನ ಪೈಪು ಸಡಿಲಿಸಿ
ನಾಲ್ಕು ಹನಿ ಬಟ್ಟೆಗೆ ಬೀಳಿಸಿದೆ.
ಕೆಂಪು ಕೆಂಪಾಗೇ ಇತ್ತು. ಮೂಸಿದೆ. ಸುಟ್ಟಿಲ್ಲ.

ಮೂವತ್ತೂ ಬಂದವಾ?
ಮೂವತ್ತೂ.
ನೀನು?
ಮೂವತ್ತೊಂದನೆಯವ, ಅಂದ,
ಬ್ರೆಡ್ಡು ಮುರಿಯುತ್ತ.