ಹನ್ನೆರಡು ಜನರ ಚೀಟಿ

ದಿನಕ್ಕೆ ಸಾವಿರದೈನೂರು ಮೊಟ್ಟೆ ನನ್ನ ಪಾಲಿಗೆ.
ಬಟ್ಟಲಂಚಿಗೆ ಒಂದೇ ಏಟು,
ಚಿಪ್ಪಿನಿಂದ ಚಿಪ್ಪಿಗೆ ಹೊರಳಿಸಿ
ಬಿಳಿ ಇತ್ತ, ಹಳದಿ ಅತ್ತ.
ಒಂದೆಳೆ ಹಳದಿ ಬಿಳಿಗೆ ಬಿತ್ತೋ
ಆ ದಿನದ ಕೂಲಿಗೆ ಕತ್ತರಿ.

ಹಳದಿ ಪೀಪಾಯಿಯಲ್ಲಿ ಹೋಗುತ್ತಿತ್ತು ಚರ್ಮ ಹದ ಮಾಡುವವರಿಗೆ,
ದೊರೆಸಾನಿಯರ ಕೈಗವಸು ಮೆತ್ತಗಾಗಲೆಂದು.
ಬಿಳಿ ನಮ್ಮಲ್ಲೇ ಉಳಿದು
ನೊರೆಯೆದ್ದು, ಇಳಿದು, ಹುಳಿತು ನಾತವೆದ್ದು
ಕಾಗದಕ್ಕೆ ಹೊಳಪಾಗುತ್ತಿತ್ತು.
ಡ್ರೆಸ್ಡೆನ್ನಿನ ಕಾಗದ!
ವಿಯೆನ್ನಾದ ನ್ಯಾಯಾಧೀಶ, ಲಿಮಾದ ಮದುಮಗಳು,
ಯಾರೆಲ್ಲ ಅದರ ಮೇಲೆ ನಿಂತರೋ ಕಾಣೆ.
ನಮ್ಮ ಕೂದಲಲ್ಲಿ ಭಾನುವಾರವೂ ಅದರ ವಾಸನೆ,
ಇಗರ್ಜಿಯಲ್ಲಿ ನಮ್ಮ ಬೆಂಚಿಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಚೀಟಿಯ ಯೋಚನೆ ಹುಲ್ಡಾಳದು.
ಹನ್ನೆರಡು ಜನ, ವಾರಕ್ಕೆ ಹತ್ತು ಫೆನ್ನಿಗ್,
ತಿಂಗಳಿಗೊಬ್ಬಳ ಹೆಸರೆತ್ತಿ
ಅವಳದೊಂದು ಚಿತ್ರ.
"ನಾವು ಮಾಡಿದ ಕಾಗದ ಕಣ್ರೇ,
ನಾವೂ ಒಮ್ಮೆ ಅದರೊಳಗೆ ಹೋಗಿ ಕೂರೋಣ."

ಮೂರನೆಯ ತಿಂಗಳು ನನ್ನದು.
ಐದು ಮಹಡಿ ಹತ್ತಿದರೆ ಗಾಜಿನ ಮಾಡು.
ಲೊಮಾಟ್ಷ್ ಎಂಬಾತ, ಬೆರಳೆಲ್ಲ ಬೆಳ್ಳಿಯ ನೀರಿಗೆ ಕಪ್ಪು,
ಗೂಟದಿಂದ ರೇಷ್ಮೆಯ ಉಡುಪು ಇಳಿಸಿದ.
ಮುಂದೆ ಮಾತ್ರ ರೇಷ್ಮೆ. ಬೆನ್ನಿಗೆ ಗೋಣಿದಾರ, ಹತ್ತು ಪಿನ್ನು.
ಹಿಂದೆ ಬಟ್ಟೆಯ ಮೇಲೆ ಬರೆದ ಸರೋವರ,
ಅದರ ದಂಡೆಯಲ್ಲಿ ಇಲಿ ಕಡಿದ ತೂತು.
ಕತ್ತಿನ ಹಿಂದಿನಿಂದ ಕಬ್ಬಿಣದ ಇಕ್ಕಳ ಬಂದು ತಲೆ ಹಿಡಿಯಿತು,
ಕೋಳಿ ಹಿಡಿದ ಹಾಗೆ.
"ಕೈ ಹಿಂದಿಡಿ," ಅಂದ. ನೋಡಿದ್ದನೇನೋ.
ಎಂಟೆಣಿಸುವವರೆಗೆ ನಾನು
ಕೈಯಿಲ್ಲದ ದೊರೆಸಾನಿ.
(ನನ್ನ ಗಾಜನ್ನು ಆಮೇಲೆ ಕೆರೆದು ತೊಳೆದು
ಅದರಲ್ಲೇ ಒಬ್ಬ ಕಟುಕನನ್ನು ತೆಗೆದನಂತೆ.)

ಸಿಡೋನಿಯ ಹೆಸರು ಹನ್ನೊಂದನೆಯದು.
ಅದಕ್ಕೆ ಎಂಟು ದಿನ ಮೊದಲು
ಒಂದು ಹಳದಿ ಬಾಯಿಗೆ ಹಾಕಿಕೊಂಡಿದ್ದಳು.
ಬಸುರಿ, ಬೆಳಗಿನಿಂದ ಬರಿ ಹೊಟ್ಟೆ.
ಮೇಸ್ತ್ರಿ ಪೆಟ್ಸೋಲ್ಡ್ ನುಂಗಲು ಬಿಡಲಿಲ್ಲ,
ಗಲ್ಲ ಅದುಮಿ, ಬಾಯಿ ತೆರೆಸಿ, ಎಲ್ಲರಿಗೂ ತೋರಿಸಿದ.
ಹೊರಗೆ ಹಾಕಿದ.
ನಾವು? ನಮ್ಮ ಕೈ ನಿಲ್ಲಲಿಲ್ಲ.
ಬಿಳಿ ಇತ್ತ, ಹಳದಿ ಅತ್ತ.

ಬರುವುದಿಲ್ಲ ಅಂದುಕೊಂಡಿದ್ದೆವು. ಬಂದಳು.
ಹೊಟ್ಟೆಗೆ ಉಡುಪು ಸಾಲದೆ
ಹುಲ್ಡಾ ತನ್ನ ಶಾಲನ್ನೇ ಅವಳ ಬೆನ್ನಿಗೆ ಕಟ್ಟಿದಳು.
"ತುಟಿ ಸಡಿಲಿಸಿ," ಲೊಮಾಟ್ಷ್ ಎರಡು ಸಲ ಕೇಳಿದ.
ಸಡಿಲಿಸಲಿಲ್ಲ.

ಹನ್ನೆರಡೂ ನನ್ನ ಬಳಿ ಇಲ್ಲ, ನಾಲ್ಕಿವೆ.
ಒಂದೇ ಉಡುಪು, ಒಂದೇ ಸರೋವರ, ನಾಲ್ಕು ತಲೆ.
ಆಗ ಯಾರೂ ನಗುತ್ತಿರಲಿಲ್ಲವೇ ಅಜ್ಜಿ, ಎನ್ನುತ್ತಾಳೆ ಮೊಮ್ಮಗಳು.
ಇಕ್ಕಳದ ಕಥೆ ಹೇಳುತ್ತೇನೆ. ಅವಳಿಗೆ ಅಷ್ಟು ಸಾಕು.

ಅಷ್ಟು ಜತನದಿಂದ ಬೇರ್ಪಡಿಸಿದ ಹಳದಿ
ಕಾಗದದೊಳಗಿಂದಲೇ ಈಗ ಏಳುತ್ತಿದೆ,
ಮೊದಲು ಅಂಚಿಗೆ, ಆಮೇಲೆ ಸರೋವರಕ್ಕೆ.
ಸಿಡೋನಿಯ ಬಾಯಿಯ ಹತ್ತಿರ ಬಂದಿದೆ.
ಡಬ್ಬಿಯ ಮುಚ್ಚಳ ಹಾಕುತ್ತೇನೆ.
ನುಂಗಿಕೊಳ್ಳಲಿ.