ಕಂಡಿಕಿ

ಹ್ಯಾಲಿಫ್ಯಾಕ್ಸಿನ ಇಳಿಜಾರು ಬೀದಿ, ಸೋಮವಾರ, ಹತ್ತು ಗಂಟೆ.
ನನ್ನ ಮೇಜಿನ ಮೇಲೆ ಮೂರು ಸೇರೂ ತೂಗದ ಒಂದು ಜೀವ.
ಹೆಸರು ಬಾಬಿನ್. ವಯಸ್ಸು ಹನ್ನೊಂದು. ಸಿಟ್ಟು ಮಾತ್ರ ಹುಲಿಯದು.

ಬೆನ್ನ ನಡುವೆ ಬೈತಲೆ ತೆಗೆಯಬೇಕು,
ಮದುವಣಗಿತ್ತಿಗೆ ತೆಗೆದ ಹಾಗೆ, ನೆಟ್ಟಗೆ.
ಬೆನ್ನಿಗೆ ಉಕ್ಕಿನ ನೀಲಿ, ಮೋರೆಗೆ ಹುರಿಗಡಲೆಯ ಬಣ್ಣ.
ಬೆರಳಿಗೆ ಸಿಕ್ಕಿದ್ದು ಕೂದಲಲ್ಲ,
ನೀರಲ್ಲಿ ಅದ್ದಿ ತೆಗೆದ ರೇಷ್ಮೆಯ ಲಡಿ.
ಎಳೆ ಹರಿಯದಂತೆ ಸಿಕ್ಕು ಬಿಡಿಸುವುದನ್ನು
ನನಗೆ ಇಲ್ಲಿ ಯಾರೂ ಕಲಿಸಬೇಕಿರಲಿಲ್ಲ:
ಗುಳೇದಗುಡ್ಡದಲ್ಲಿ ಅಪ್ಪನ ಕುಣಿಮಗ್ಗದ ದಂಡೆಗೆ ಕೂತು
ಕಂಡಿಕೆ ಸುತ್ತಿ ಸುತ್ತಿ ಬೆಳೆದ ಬೆರಳು ಇವು.

ಮುದುಕಿ ವಿನಿಫ್ರೆಡ್ ಸಟ್‌ಕ್ಲಿಫ್ ಕಿಟಕಿಯ ಕುರ್ಚಿಯಲ್ಲಿ.
ಪ್ರತಿ ಸಲ ಅದೇ ಕಥೆ,
ಪ್ರತಿ ಸಲ ಒಂದು ಎಳೆ ಬೇರೆ.

"ಇವನ ಕುಲ ಈ ಊರಿನದಲ್ಲ, ಗೊತ್ತೇನು?
ಕೈಮಗ್ಗ ಸೋತವರು ಸ್ಕಾಟ್‌ಲ್ಯಾಂಡಿನಿಂದ
ಗಿರಣಿ ಹುಡುಕಿಕೊಂಡು ಇಳಿದು ಬಂದರು.
ಒಂದು ಗಂಟು, ಒಂದು ಕೆಟಲು, ಕೆಮ್ಮುವ ಮಕ್ಕಳು,
ಕಂಕುಳಲ್ಲಿ ನಾಯಿ. ಮುದ್ದಿಗಲ್ಲ ಮತ್ತೆ, ಇಲಿಗೆ.
ಉಣ್ಣೆ ಇದ್ದಲ್ಲಿ ಇಲಿ ಇರಲೇಬೇಕಲ್ಲ."

ಕ್ಲೈಡ್ ಹೊಳೆಯ ಕಡೆಯದೊಂದು, ಪೇಸ್ಲಿಯದೊಂದು,
ಇಲ್ಲಿಯದೇ ಗಿರಣಿಯ ಹಿತ್ತಿಲದ್ದು ಇನ್ನೊಂದು.
ಕಾಗದ ಇಟ್ಟವರಿಲ್ಲ, ಬೆಡಗು ಕೇಳಿದವರಿಲ್ಲ.
ಹಾಸು ಅಲ್ಲಿಯದು, ಹೊಕ್ಕು ಇಲ್ಲಿಯದು,
ನಡುವೆ ಲಾಳಿಯ ಹಾಗೆ ಓಡಾಡಿದ ನಾಲ್ಕು ಪುಟ್ಟ ಕಾಲು.
ತಲೆಮಾರಿಗೊಮ್ಮೆ ಮೈ ಗಿಡ್ಡಾಗಿ
ಕೂದಲು ಉದ್ದವಾಗಿ
ಕೊನೆಗೆ ಸಾಹೇಬರ ಹೆಂಡಂದಿರ ಮಡಿಲಿಗೆ ಏರಿತು.

"ನಮ್ಮ ಗಿರಣಿಯ ಅತಿ ನಯದ ಮಾಲು ಇದೇ,
ಮಗ್ಗದಿಂದಲೇ ಕೊಯ್ದು ಇಳಿಸಿದ್ದು ಅಂತ ಜನ ನಗೋರು."
ತಾನೂ ನಗುತ್ತಾಳೆ. ಕಟ್ಟಿಸಿದ ಹಲ್ಲು ಸಡಿಲಾಗುತ್ತದೆ.

"ಹೆಸರು ಮಾತ್ರ ಬಹಳ ದಿನ ಸ್ಕಾಚ್ ಅಂತಲೇ ಇತ್ತು.
ಆಮೇಲೆ ಯಾವುದೋ ಪ್ರದರ್ಶನದಲ್ಲಿ ಯಾರೋ ಅಂದರಂತೆ:
ಇಷ್ಟೆಲ್ಲ ತಿದ್ದಿದ್ದು ನಾವು, ಹೆಸರು ಯಾಕೆ ಅವರದು?
ಯಾರ್ಕ್‌ಷೈರ್ ಅನ್ನಿ. ಅಂದರು. ಆಯಿತು."

ತಿದ್ದಿದ್ದು.
ಆ ಮಾತಿಗೆ ನನ್ನ ಕತ್ತರಿ ಒಂದು ಗಳಿಗೆ ನಿಲ್ಲುತ್ತದೆ.

ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ
ಉಂಗುರದಿಂದ ಬರೆಸಿದರು ನನ್ನ ಹೊಸ ಹೆಸರು.
ಫಕೀರವ್ವ ಅನ್ನೋದು ನಾಲ್ಕು ಮಂದಿಯಲ್ಲಿ ಕರೆಯೋ ಹಂಗಿಲ್ಲ,
ಅತ್ತೆ ಅಂದಳು. ಅಕ್ಕಿಯ ಮೇಲೆ ಸುನಿತಾ ಮೂಡಿದಳು.
ಸಂಜೆಗೆ ಅದೇ ಅಕ್ಕಿ ಅನ್ನವಾಯಿತು.
ಹಸಿವಿತ್ತು. ನಾನೂ ಉಂಡೆ.
ಇಲ್ಲಿಯ ಏಪ್ರನ್ನಿನ ಮೇಲೆ ಈಗ ಎರಡೇ ಅಕ್ಷರ ಹೊಲಿದಿದ್ದಾರೆ,
ನಾಲಿಗೆಗೆ ಸುಲಭ ಅಂತ: ಸೂಸಿ.
ಗಿಡ್ಡಾಗುವುದು ನಾಯಿಗಳು ಮಾತ್ರವೇ ಅಲ್ಲ.

ಮಲಗಿದ ಮೇಲೆ ಮಾತ್ರ, ಕನಸಿನಲ್ಲಿ
ಯಾರೋ ಮಗ್ಗದ ಕುಣಿಯಿಂದ "ಫಕೀರೀ" ಅಂತ ಕೂಗಿದರೆ
"ಓ" ಅನ್ನುತ್ತೇನಂತೆ. ಗಂಡ ಹೇಳುತ್ತಾನೆ.

ಬೈತಲೆ ಮುಗಿಯಿತು. ನೆತ್ತಿಗೆ ಕೆಂಪು ರಿಬ್ಬನ್ನು.
ವಿನಿಫ್ರೆಡ್ ಪರ್ಸಿನಲ್ಲಿ ಚಿಲ್ಲರೆ ಹುಡುಕುವಾಗ
ನಾನು ಬಗ್ಗಿ, ತೊಟ್ಟಿಲಲ್ಲಿಟ್ಟ ಕೂಸಿಗೆ ಅನ್ನುವ ಹಾಗೆ,
ಅವನ ಕಿವಿಯಲ್ಲಿ ಮೂರು ಸಲ:
ಕಂಡಿಕಿ. ಕಂಡಿಕಿ. ಕಂಡಿಕಿ.

ಅವನು ಸೀನಿದ.

ಆಮೇಲೆ ಬಿಸಿನೀರಿನ ಕೊಳವೆಯ ಹಿಂದೆ ಏನೋ ಗೀರಿತು,
ಉಗುರಿನಷ್ಟು ಸದ್ದು.
ಸೆಟೆದು ನಿಂತ. ರಿಬ್ಬನ್ನು ಜಾರಿತು, ಬೈತಲೆ ಕೆಟ್ಟಿತು,
ಇಡೀ ಮೈ ಒಂದು ಮೂಗಾಯಿತು.
ಸ್ಕಾಚ್ ಅಂದರೂ ಯಾರ್ಕ್‌ಷೈರ್ ಅಂದರೂ
ಆ ಹೊತ್ತಿನಲ್ಲಿ ಅವನು ತಿರುಗಿ ನೋಡುತ್ತಿರಲಿಲ್ಲ.

"ಏನಂದೆ ಅವನ ಕಿವಿಯಲ್ಲಿ?" ಮುದುಕಿ ಕೇಳಿದಳು.
"ಬಾಬಿನ್ ಅಂದೆ," ಅಂದೆ.

ಸುಳ್ಳೇನಲ್ಲ.